ಮಳೆಯ ಲೆಕ್ಕಕ್ಕೆ ಮೂರು ಬೀಗ

ಕಂಪ್ಯೂಟರಿಗೆ ಬೀಗ ಹಾಕಿದಷ್ಟೂ ನಮ್ಮ ಮನೆಯಲ್ಲಿ ಅದನ್ನು ತೆಗೆಯುವ ಉತ್ಸಾಹ ಹೆಚ್ಚುತ್ತದೆ. ಉತ್ಸಾಹ ಒಬ್ಬರದೇ, ನಮ್ಮ ಯಜಮಾನರದು. ಅತ್ತೆಯವರ ಕಾಲದಿಂದ ಬರೆದಿಟ್ಟ ಕಾಫಿ ತೋಟದ ಮಳೆಯ ಲೆಕ್ಕವನ್ನು ನಾನು ಕಂಪ್ಯೂಟರಿಗೆ ತುಂಬುತ್ತಿದ್ದೆ. ಅವರು ಅದರಲ್ಲೇ ಇಸ್ಪೀಟಾಡಲು ಕೂತು, ಅಡ್ಡ ಬಂತೆಂದು ಅದನ್ನು ಸೇವ್ ಮಾಡದೆ ಮುಚ್ಚಿ, ಒಂದು ಇಡೀ ಮಳೆಗಾಲವನ್ನೇ ಮಾಯ ಮಾಡಿದರು. ಇನ್ನು ನನ್ನ ಹೊರತು ಯಾರೂ ಅದರೊಳಗೆ ಹೋಗಕೂಡದೆಂದು ಅಂದೇ ತೀರ್ಮಾನಿಸಿದೆ.

ಮೂರು ಕೀ

ಕಂಪ್ಯೂಟರ್ ರಿಪೇರಿ ಮಾಡುವ ಸಾಹೇಬರು ಮೂಡಿಗೆರೆಯಿಂದ ಬಂದು ಪಾಸ್‌ವರ್ಡ್ ಇಟ್ಟುಕೊಟ್ಟರು. "ಕಂಟ್ರೋಲ್, ಆಲ್ಟ್, ಡಿಲೀಟ್, ಮೂರೂ ಒಟ್ಟಿಗೆ ಒತ್ತಿದ್ರೆ ಮಾತ್ರ ಪಾಸ್‌ವರ್ಡ್ ಕೇಳ್ತದೆ ಅಮ್ಮಾವ್ರೇ. ಭದ್ರ."

ಮರುದಿನ ನಮ್ಮ ತೋಟದ ಲೆಕ್ಕ ಬರೆಯುವ ರೈಟರಿಗೆ, "ಮೂರು ಕೀ ನೀವು ಒತ್ತಿ, ಪಾಸ್‌ವರ್ಡ್ ನಾನು ಹಾಕ್ತೇನೆ" ಎಂದೆ. ಅವರು ಎರಡು ಕೀ ಒತ್ತಿ, ಮೂರನೆಯದನ್ನು ಓದಿ, ಕೈ ಹಿಂದಕ್ಕೆ ಕಟ್ಟಿಕೊಂಡರು.

"ಇದು ಡಿಲೀಟ್ ಅಲ್ವಾ ಅಮ್ಮಾವ್ರೇ? ನೀವೇ ಒತ್ತಿ. ಹೋಗೋದಾದ್ರೆ ನಿಮ್ಮ ಕೈಯಿಂದ್ಲೇ ಹೋಗ್ಲಿ."

ಲ್ಯಾಟಿನ್ ಹೂವು

ಬಿ.ಎಸ್ಸಿ.ಯಲ್ಲಿ ಸಸ್ಯಶಾಸ್ತ್ರ ಓದಿದವಳು ನಾನು. ಬೇಲಿಯ ಮೇಲಿನ ಹೂವೊಂದರ ಲ್ಯಾಟಿನ್ ಹೆಸರನ್ನೇ ಪಾಸ್‌ವರ್ಡ್ ಮಾಡಿದೆ. ಅದು ಯಜಮಾನರ ಊಹೆಗೂ ನಿಲುಕದ್ದು.

ಅಂದು ಮಂಜು ಕಿಟಕಿಯಿಂದ ಒಳಬಂದು, ಮೇಜು, ಕುರ್ಚಿ, ನಾನು, ಎಲ್ಲ ತೇಲುತ್ತಿರುವ ಹಾಗಿತ್ತು. ಹುಡುಗಿಯಾಗಿದ್ದಾಗ ಗಿಡಗಳ ಹೆಸರು ಬಾಯಿಪಾಠ ಮಾಡಿದ್ದೆಲ್ಲ ನೆನಪಾಗಿ, ಒಂದೊಂದೇ ಅಕ್ಷರ ಗುನುಗುತ್ತಾ ಒತ್ತಿದೆ. ಮಂಜಿನಾಚೆ, ಪೇಪರಿನ ಹಿಂದಿನಿಂದ ಯಜಮಾನರ ದನಿ ಬಂತು.

"ಕಡೇ ಅಕ್ಷರ ಸ್ವಲ್ಪ ಗಟ್ಟಿಯಾಗಿ ಹೇಳೇ."

ಹೂಮಳೆ

ಆಮೇಲೆ ಹೊಳೆದ ಉಪಾಯಕ್ಕೆ ನಾನೇ ಬೆರಗಾದೆ. ಮಳೆ ಬಂದ ಮರುದಿನ ನಸುಕಿನಲ್ಲೇ ಎದ್ದು, ಅಂಗಳದ ಮಳೆಮಾಪಕದಲ್ಲಿ ಬಿದ್ದಷ್ಟನ್ನು ಇಂಚು ಮತ್ತು ಇಂಚಿನ ನೂರನೇ ಪಾಲಾದ ಸೆಂಟಿನಲ್ಲಿ ಅಳೆದು, ಆ ಅಂಕಿಯನ್ನೇ ಹೊಸ ಪಾಸ್‌ವರ್ಡ್ ಮಾಡುವುದು. ಅಳೆದ ನೀರನ್ನು ಮಲ್ಲಿಗೆ ಬುಡಕ್ಕೆ ಸುರಿದುಬಿಟ್ಟರೆ ಗುಟ್ಟು ನನ್ನೊಬ್ಬಳದು.

ಕಾಫಿ ಹೂ ಅರಳಿಸುವ ಹೂಮಳೆಗಾಗಿ ಎಲ್ಲರೂ ಆಕಾಶ ನೋಡುತ್ತಿದ್ದಾಗ ಒಂದು ರಾತ್ರಿ ಒಳ್ಳೆಯ ಮಳೆ ಬಿತ್ತು. ಬೆಳಿಗ್ಗೆ ಅಳೆದೆ, ಪಾಸ್‌ವರ್ಡ್ ಬದಲಿಸಿದೆ, ನೀರು ಸುರಿದೆ. ಯಜಮಾನರಿಗೆ ಇನ್ನೂ ನಿದ್ದೆ. ಯಾರ ತೋಟಕ್ಕೆ ಎಷ್ಟು ಬಿತ್ತೆಂದು ಕೇಳಲು ಫೋನುಗಳು ಬಂದವು. ಎಲ್ಲರೊಂದಿಗೂ ಎರಡು ಮಾತಾಡಿ, ನೆಂಟರ ಮದುವೆಗೆಂದು ಚಿಕ್ಕಮಗಳೂರಿಗೆ ಹೊರಟೆ.

ಸಂಜೆ ಬಂದರೆ, ನೆಂದ ಮಣ್ಣಿನ ವಾಸನೆ ತುಂಬಿದ ಮಬ್ಬಿನಲ್ಲಿ, ಪರದೆಯ ಬೆಳಕಿಗೆ ಮುಖವೊಡ್ಡಿ ಯಜಮಾನರು ಕನಸಿನಲ್ಲಿರುವವರಂತೆ ಇಸ್ಪೀಟಾಡುತ್ತಿದ್ದರು.

"ನಿನ್ನ ಲೆಕ್ಕ ಮುಟ್ಟಿಲ್ಲ ಮಾರಾಯ್ತಿ, ಹೆದರ್ಬೇಡ."

"ತೆಗೆದದ್ದು ಹೇಗೆ?"

"ನಂಗೆ ನಿದ್ದೆ ಅಂದ್ಕೊಂಡು ನೀನು ಮಳೆ ಅಳೆದು ಬಂದವಳೇ ಪಾಸ್‌ವರ್ಡ್ ಬದಲಿಸೋದು ಕಂಡಿದ್ದೆ. ಮಲ್ಲಂದೂರಿನ ಅಕ್ಕನಿಗೆ ಫೋನ್ ಮಾಡಿ, ನಮ್ಮಲ್ಲಿ ರಾತ್ರಿ ಎಷ್ಟು ಮಳೆ ಬಂತು ಅಂತ ಕೇಳ್ದೆ."

"ಅವರೇನಂದ್ರು?"

"'ಒಂದು ಇಂಚು ಹದಿನೆಂಟು ಸೆಂಟು. ನಿನ್ನ ಹೆಂಡ್ತಿ ಬಣಕಲ್‌ವರೆಗೂ ಹೇಳಿ ಆಯ್ತು, ನಿಂಗೊಬ್ಬನಿಗೆ ಹೇಳ್ಲಿಲ್ವಾ ಮಾರಾಯ?' ಅಂದ್ಲು."