ನಮ್ಮ ಬೂದು ಬಣ್ಣದ ಕಾರನ್ನು ಹಿಂದೊಮ್ಮೆ ಬಾಡಿಗೆಗೆ ಓಡಿಸಿದ ಸಮಸ್ತ ಮಹನೀಯರಿಗೆ

ಪರಮ ಮಾನ್ಯರೇ, ಮಾನ್ಯೆಯರೇ, ಸ್ಟಿಯರಿಂಗ್ ಹಿಡಿದ ಶೂರರೇ, ಬ್ರೇಕ್ ತುಳಿದ ಧೀರರೇ,

ತಮ್ಮೆಲ್ಲರ ಪಾದಗಳಿಗೆ, ಅದರಲ್ಲೂ ವಿಶೇಷವಾಗಿ ಎಡಪಾದಗಳಿಗೆ, ಈ ಬಡಪಾಯಿಯ ಅನಂತ ನಮಸ್ಕಾರಗಳು. ಎಡಪಾದವೇ ಏಕೆ ಎಂಬ ಕುತೂಹಲ ತಮ್ಮಲ್ಲಿ ಮೂಡಿದ್ದರೆ ದಯವಿಟ್ಟು ಸ್ವಲ್ಪ ತಾಳಿಕೊಳ್ಳಿ. ಪರದೆ ಈಗಷ್ಟೇ ಮೇಲೇಳುತ್ತಿದೆ.

ತಾವು ಯಾರು, ಎಷ್ಟು ಮಂದಿ, ಈಗ ಯಾವ ಪಾಪದ ವಾಹನದ ಮೇಲೆ ಕುಳಿತಿದ್ದೀರಿ ಎಂಬುದು ನನಗೆ ತಿಳಿಯದು. ಬಾಡಿಗೆ ಕಾರಿನ ಕಂಪನಿಗೆ ಹೋಗಿ ತಮ್ಮ ವಿಳಾಸಗಳನ್ನು ಕೈಮುಗಿದು ಕೇಳಿದೆ. ಮೇಜಿನ ಆಚೆಗಿದ್ದ ಟೈ ಕಟ್ಟಿದ ಮಾರಾಟಗಾರರು, "ಅದೆಲ್ಲ ಹೊರಗೆ ಹೇಳೋ ಹಾಗಿಲ್ಲ ಸಾರ್" ಎಂದು ನನಗೊಂದು ಚಾಕಲೇಟು ಕೊಟ್ಟು ಕಳುಹಿಸಿದರು. ಹೀಗಾಗಿ ಒಬ್ಬೊಬ್ಬರಿಗೂ ಬೇರೆ ಬೇರೆಯಾಗಿ ಬರೆಯಬೇಕಾಗಿದ್ದುದನ್ನು ಊರೆಲ್ಲ ಕೇಳುವಂತೆ ಬರೆಯಬೇಕಾಗಿ ಬಂದಿದೆ. ತಾವೆಲ್ಲರೂ ಕ್ಷೇಮವಾಗಿರಬೇಕೆಂದು ಹಾರೈಸುತ್ತೇನೆ. ತಮ್ಮ ಸ್ವಂತ ಕಾರುಗಳ ಕ್ಷೇಮದ ಬಗ್ಗೆ ನನಗೆ ಚಿಂತೆಯೇ ಇಲ್ಲ, ಏಕೆಂದರೆ ತಮ್ಮ ಪೌರುಷವನ್ನೆಲ್ಲ ತಾವು ಆಗಲೇ ನಮ್ಮದರ ಮೇಲೆ ಸುರಿದು ಬರಿದಾಗಿದ್ದೀರಿ.

ಮೊದಲು ನನ್ನ ಪರಿಚಯ. ನಾನು ನಾಟಕದ ಉಡುಪುಗಳನ್ನು ಬಾಡಿಗೆಗೆ ಕೊಡುವವನು. ನನ್ನ ಅಂಗಡಿಯಲ್ಲಿ ರಾಜರು ಹ್ಯಾಂಗರಿಗೆ ನೇತಾಡುತ್ತಾರೆ, ಸೇನಾಧಿಪತಿಗಳು ನಾಲ್ಕು ಮಡಿಕೆಯಾಗಿ ಕಪಾಟಿನಲ್ಲಿ ಮಲಗುತ್ತಾರೆ, ರಾಕ್ಷಸರ ಮೀಸೆಗಳು ಬಿಸ್ಕತ್ತಿನ ಡಬ್ಬಿಯಲ್ಲಿ ವಿಶ್ರಮಿಸುತ್ತವೆ. ಬಾಡಿಗೆಗೆ ಹೋದ ವಸ್ತು ಯಾವ ಅವಸ್ಥೆಯಲ್ಲಿ ಮರಳಿ ಬರುತ್ತದೆ ಎಂಬುದನ್ನು ಈ ಭೂಮಂಡಲದಲ್ಲಿ ನನ್ನಷ್ಟು ಬಲ್ಲವನು ಇನ್ನೊಬ್ಬನಿರಲಾರ. ಚಕ್ರವರ್ತಿಯ ನಿಲುವಂಗಿ ಹೋಗುವಾಗ ಚಕ್ರವರ್ತಿಯದಾಗಿ ಹೋಗಿ, ಬರುವಾಗ ಅವನ ಅಡುಗೆಯವನದಾಗಿ ಬರುತ್ತದೆ. ಗದೆಯಿಂದ ಯಾರೋ ಗೋಡೆಗೆ ಮೊಳೆ ಹೊಡೆದಿರುತ್ತಾರೆ, ಕಿರೀಟದಲ್ಲಿ ಯಾರೋ ಕಡಲೆ ಬೀಜ ತಿಂದಿರುತ್ತಾರೆ. ಇಷ್ಟೆಲ್ಲ ಕಂಡುಂಡ ನಾನೇ ಹೋಗಿ ಹೋಗಿ ಬಾಡಿಗೆಗೆ ಓಡಿ ನಿವೃತ್ತಿಯಾದ ಕಾರನ್ನು ಕೊಂಡದ್ದು ನನ್ನ ಹೆಂಡತಿಗೆ ಇಂದಿಗೂ ಬಿಡಿಸಲಾಗದ ಒಗಟು. "ಅಂಗಡೀಲಿರೋ ಅಂಗೀನ ಒಂದ್ಸಲ ಮೈಗೆ ಹಾಕ್ಕೊಳ್ಳಿ ಅಂದ್ರೆ ಮೂಗು ಮುಚ್ಕೋತೀರ, ಊರೋರೆಲ್ಲ ಕೂತೆದ್ದ ಕಾರಲ್ಲಿ ಮಗಳನ್ನ ಕೂರಿಸ್ತೀರಾ?" ಎಂದು ಆಕೆ ಕೇಳಿದಾಗ ನಾನು ಗಂಭೀರವಾಗಿ ಕಿಟಕಿಯ ಹೊರಗೆ ನೋಡಿದೆ. ಅಲ್ಲಿ ಕಾರೇ ನಿಂತಿತ್ತು.

ಮಗಳ ವಿಷಯಕ್ಕೆ ಬರುತ್ತೇನೆ, ಏಕೆಂದರೆ ಇದೆಲ್ಲ ಅವಳಿಗಾಗಿಯೇ ನಡೆದದ್ದು. ನಮ್ಮ ಒಬ್ಬಳೇ ಮಗಳು, ಪಾರ್ಶ್ವವಾಯು ಹೊಡೆದು ಹಾಸಿಗೆ ಹಿಡಿದವರ ಮನೆಗಳಿಗೇ ಹೋಗಿ, ಕೈಕಾಲು ಆಡಿಸಿ, ಮತ್ತೆ ನಡೆಯಲು ಕಲಿಸುವ ವಿದ್ಯೆ ಓದಿದವಳು. ಎಷ್ಟೋ ಬಾಗಿಲು ತಟ್ಟಿ, ಎಷ್ಟೋ ಕಡೆ ಬೆಂಚಿನ ಮೇಲೆ ಕಾದು, ಕೊನೆಗೊಂದು ಆಸ್ಪತ್ರೆಯಲ್ಲಿ ಈ ಕೆಲಸ ಗಿಟ್ಟಿಸಿದಳು. ಆದರೆ ಷರತ್ತುಗಳಿದ್ದವು: ಆದಷ್ಟು ಬೇಗ ಸ್ವಂತ ಕಾರು ಹೊಂದಿಸಿಕೊಳ್ಳಬೇಕು, ಹೇಳಿದ ಹೊತ್ತಿಗೆ ರೋಗಿಯ ಬಾಗಿಲಲ್ಲಿರಬೇಕು, ಪರೀಕ್ಷೆಯ ಅವಧಿ ಮುಗಿದು ಮೇಲ್ವಿಚಾರಕಿ ಒಪ್ಪಿದರಷ್ಟೇ ಕೆಲಸ ಖಾಯಂ. ಅವಳು ಕೆಲಸಕ್ಕೆ ಸೇರಿದ ದಿನ ಕನ್ನಡಿಯ ಮುಂದೆ ನಿಂತು ಬಿಳಿ ಕೋಟಿನ ಕಾಲರು ಸರಿಮಾಡಿಕೊಂಡದ್ದನ್ನು ನಾನು ಬಾಗಿಲ ಸಂದಿಯಿಂದ ನೋಡಿದ್ದೆ. ಅದು ಬಾಡಿಗೆಯ ಕೋಟಾಗಿರಲಿಲ್ಲ.

ಆಗ ರಂಗಪ್ರವೇಶ ಮಾಡಿದವನು ನನ್ನ ಹೆಂಡತಿಯ ತಮ್ಮ, ಮೊಬೈಲಿನಲ್ಲಿ ಕಾರುಗಳ ವಿಡಿಯೋ ನೋಡಿ ನೋಡಿಯೇ ಅರ್ಧ ಎಂಜಿನಿಯರ್ ಆದವನು. "ಭಾವ, ಕಣ್ಣು ಮುಚ್ಕೊಂಡು ತಗೊಳ್ಳಿ. ಕಂಪನಿ ಗಾಡಿ. ಹೊತ್ತು ಹೊತ್ತಿಗೆ ಸರ್ವಿಸ್ಸು, ಹೊತ್ತು ಹೊತ್ತಿಗೆ ಆಯಿಲ್ಲು. ವಯಸ್ಸು ಚಿಕ್ಕದು, ಬೆಲೆ ಅದಕ್ಕಿಂತ ಚಿಕ್ಕದು. ಅದೂ ಅಲ್ದೆ ಒಬ್ರೇ ಓನರ್!" ಎಂದು ಅವನು ಘೋಷಿಸಿದ. ಅವನು ಹೇಳಿದ್ದರಲ್ಲಿ ಒಂದು ಅಕ್ಷರವೂ ಸುಳ್ಳಲ್ಲ ಎಂಬುದೇ ಈ ನಾಟಕದ ದುರಂತ. ಸರ್ವಿಸ್ ಆಗಿತ್ತು, ಆಯಿಲ್ ಹೊಳೆಯುತ್ತಿತ್ತು, ಮಾಲೀಕರು ಒಬ್ಬರೇ. ಮಾಲೀಕರ ಹಿಂದೆ ತಾವೆಲ್ಲರೂ ಒಂದು ದಂಡಾಗಿ ನಿಂತಿದ್ದೀರಿ ಎಂಬುದು ಮಾತ್ರ ಯಾವ ವಿಡಿಯೋದಲ್ಲೂ ಬಂದಿರಲಿಲ್ಲ.

ಕಣ್ಣು ಮುಚ್ಚಿಕೊಂಡು ಕೊಳ್ಳುವಷ್ಟು ದಡ್ಡನೇ ನಾನು? ಸಾಧ್ಯವೇ ಇಲ್ಲ. ಕಣ್ಣು ತೆರೆದು, ಕನ್ನಡಕ ಹಾಕಿಕೊಂಡು, ಅಂಗಡಿಗೆ ಮರಳಿ ಬಂದ ಉಡುಪನ್ನು ಹೇಗೆ ಪರೀಕ್ಷಿಸುತ್ತೇನೋ ಹಾಗೆಯೇ ಕಾರನ್ನು ಕೂಲಂಕಷವಾಗಿ ಪರೀಕ್ಷಿಸಿದೆ. ಸೀಟಿನ ಹೊಲಿಗೆಗಳನ್ನು ಹಿಡಿದು ಎಳೆದೆ, ಒಂದೂ ಬಿಚ್ಚಲಿಲ್ಲ. ಒರಗುವ ಭಾಗದ ಕಂಕುಳಿಗೆ ಮೂಗಿಟ್ಟು ಮೂಸಿದೆ, ನಿಂಬೆಯ ಪರಿಮಳ. ಚಾವಣಿಯ ಬಟ್ಟೆಯನ್ನು ಒದ್ದೆ ಕರವಸ್ತ್ರದಿಂದ ತಿಕ್ಕಿದೆ, ಬಣ್ಣ ಬಿಡಲಿಲ್ಲ. ಸೀಟ್ ಬೆಲ್ಟು ಧರಿಸಿ ಕನ್ನಡಿಯಲ್ಲಿ ನೋಡಿಕೊಂಡೆ, ಭುಜಕ್ಕೆ ಬಹಳ ಚೆನ್ನಾಗಿ ಕೂತಿತು. ಇದನ್ನೆಲ್ಲ ಬೆರಗಾಗಿ ನೋಡುತ್ತಿದ್ದ ಆ ಟೈ ಕಟ್ಟಿದ ಮಾರಾಟಗಾರರು, "ಸಾರ್, ಬಾನೆಟ್ ತೆಗೀಲಾ? ಒಂದು ರೌಂಡ್ ಓಡಿಸಿ ನೋಡ್ತೀರಾ?" ಎಂದು ತಾವಾಗಿಯೇ ಕೇಳಿದರು. ನಾನು ಅನುಭವಸ್ಥನ ನಗೆ ನಕ್ಕು, "ಬೇಡಪ್ಪಾ, ಒಳಗಿನ ಲೈನಿಂಗೇ ನೋಡಿದ್ದೀನಿ, ಗಟ್ಟಿಯಾಗಿದೆ" ಎಂದೆ. ಅವರ ಮುಖದಲ್ಲಿ ಆಗ ಬೆಳಗಿದ ಆನಂದವನ್ನು ನಾನು ಗೌರವವೆಂದು ಭಾವಿಸಿದೆ. ಸಂಜೆ ಕೆಲಸ ಮುಗಿಸಿ ಬಂದ ಮಗಳು, "ಅಪ್ಪಾ, ಎಂಜಿನ್ ನೋಡಿದ್ರಾ?" ಎಂದಾಗ, "ಇಸ್ತ್ರಿ ಕೂಡ ಬೇಕಾಗಿಲ್ಲಮ್ಮಾ" ಎಂದು ಬೀಗದಕೈಯನ್ನು ಅವಳ ಅಂಗೈಯಲ್ಲಿಟ್ಟೆ.

ಮಹನೀಯರೇ, ಅಂದಿನಿಂದ ತಮ್ಮ ಒಬ್ಬೊಬ್ಬರ ಪರಿಚಯ ನಮಗೆ ಆಗುತ್ತಲೇ ಬಂತು. ಏಸಿಯ ಕಿಂಡಿಗೆ ಬಿಸ್ಕತ್ತು ತಿನ್ನಿಸಿದ ಪುಟ್ಟ ಕಲಾವಿದರ ತಂದೆತಾಯಿಯರಿಗೆ ಅಭಿನಂದನೆಗಳು. ಏಸಿ ಹಾಕಿದ ಕೂಡಲೇ ನಮ್ಮ ಮೇಲೆ ಪುಡಿಯ ವೃಷ್ಟಿಯಾಗುತ್ತದೆ, ಸ್ವರ್ಗದಿಂದ ದೇವತೆಗಳು ಹೂವು ಸುರಿಯುವ ದೃಶ್ಯಕ್ಕೆ ನಾಟಕದವರು ಇಷ್ಟು ದಿನ ಕೂಲಿಯವರನ್ನು ಅಟ್ಟದ ಮೇಲೆ ಕೂರಿಸುತ್ತಿದ್ದರಲ್ಲ ಎಂದು ಮರುಗುತ್ತೇನೆ. ತಮ್ಮ ಮೊಬೈಲನ್ನು ಕಾರಿನ ಪರದೆಗೆ ಜೋಡಿಸಿ, ಹೋಗುವಾಗ ಬಿಡಿಸದೆ ಹೋದ ಮಹಾಶಯರೇ, ಕೀಲಿ ತಿರುಗಿಸಿದೊಡನೆ ನಮ್ಮ ಕಾರು ಇಂದಿಗೂ ತಮ್ಮನ್ನೇ ಹುಡುಕುತ್ತದೆ: "ಸಿಂಹದ ಮರಿ" ಎಂಬ ಫೋನೆಲ್ಲಿ, "ಡಾರ್ಲಿಂಗ್ ಎರಡು" ಎಲ್ಲಿ ಎಂದು ಸುತ್ತಿ ಸುತ್ತಿ ವಿರಹದಿಂದ ಬಳಲಿ, ಯಾರೂ ಸಿಗದೆ ಕೊನೆಗೆ ನಮ್ಮನ್ನು ಒಪ್ಪಿಕೊಳ್ಳುತ್ತದೆ. "ಡಾರ್ಲಿಂಗ್ ಒಂದು" ಯಾರೆಂದು ನನ್ನ ಹೆಂಡತಿ ಬಹಳ ಆಸ್ಥೆಯಿಂದ ಕೇಳುತ್ತಿದ್ದಾಳೆ, ದಯವಿಟ್ಟು ತಿಳಿಸಿ. ಮುಂದಿನ ಚಕ್ರದಿಂದ ಫುಟ್‌ಪಾತಿಗೆ ಡಿಕ್ಕಿ ಹೊಡೆದ ವೀರರೇ, ತಮ್ಮ ಪ್ರತಾಪದಿಂದಾಗಿ ನಮ್ಮ ಕಾರು ತನಗೆ ತಾನೇ ಎಡಕ್ಕೆ ವಾಲುತ್ತದೆ. ನೇರ ಹೋಗಬೇಕಾದರೆ ಮಗಳು ಸ್ಟಿಯರಿಂಗನ್ನು ಬಲಕ್ಕೆ ಹಿಡಿದು ಹಗ್ಗಜಗ್ಗಾಟ ಆಡುತ್ತಾಳೆ, ಸಂಜೆ ಮನೆಗೆ ಬಂದು ತನ್ನ ಭುಜಕ್ಕೆ ತಾನೇ ಫಿಸಿಯೋಥೆರಪಿ ಮಾಡಿಕೊಳ್ಳುತ್ತಾಳೆ.

ಈಗ ಆ ಎಡಪಾದದ ಮಹಾನುಭಾವರ ಸರದಿ. ಕ್ಲಚ್ಚಿನ ಮೇಲೆ ಪಾದವನ್ನು ಇಟ್ಟವರು ಹಲವರಿರಬಹುದು, ಆದರೆ ಅದನ್ನು ಕಾಲುಮಣೆಯೆಂದು ತಿಳಿದು ಪ್ರಯಾಣದುದ್ದಕ್ಕೂ ವಿರಮಿಸಿದವರು ತಾವೊಬ್ಬರೇ ಆಗಿರಬೇಕು. ತಮ್ಮ ತಪಸ್ಸು ಫಲಿಸಿದ್ದು ನಮ್ಮ ಮೇಲೆ. ಮಗಳು ಅಂದು ಒಬ್ಬ ನಿವೃತ್ತ ಪೋಸ್ಟ್‌ಮನ್ ಮನೆಗೆ ಹೊರಟಿದ್ದಳು. ಜೀವಮಾನವಿಡೀ ಓಣಿ ಓಣಿ ತಿರುಗಿದ ಆ ಮುದುಕರು ಅಂದು ಮೊದಲ ಬಾರಿ ಎದ್ದು ನಿಲ್ಲುವುದೆಂದು ನಿಗದಿಯಾಗಿತ್ತು. ಮೇಲ್ಸೇತುವೆಯ ಏರಿನಲ್ಲಿ ಕಾರು ಆರ್ಭಟಿಸಿತು. ಆಹಾ, ಎಂಥ ಆರ್ಭಟ! ಹೊಗೆಯುಂಟು, ಗರ್ಜನೆಯುಂಟು, ಸುಟ್ಟ ವಾಸನೆಯುಂಟು. ನಡೆಯೊಂದು ಮಾತ್ರ ಇಲ್ಲ. ಹಿಂದೆ ಸಾಲುಗಟ್ಟಿದ ವಾಹನಗಳ ಹಾರ್ನಿನ ಮಂಗಳವಾದ್ಯದ ನಡುವೆ ನನ್ನ ಮಗಳು ಇಳಿದು, ಬ್ಯಾಗು ಹೆಗಲಿಗೇರಿಸಿ, ಬಿಸಿಲಿನಲ್ಲಿ ಓಡಿದಳು. ಅವಳು ಮುಟ್ಟುವಷ್ಟರಲ್ಲಿ ಹೊತ್ತು ಮೀರಿತ್ತು. ಹಾಸಿಗೆಯಂಚಿನಲ್ಲಿ ಕಾದು ಕಾದು ಸಾಕಾದ ಮುದುಕರು ತಾವೇ ಏಳಲು ಹೋಗಿ ಜಾರಿ ಬಿದ್ದಿದ್ದರು. ಪುಣ್ಯಕ್ಕೆ ಮೊಣಕೈ ತರಚಿದ್ದಷ್ಟೇ. ಮೇಲ್ವಿಚಾರಕಿ ಕರೆದು, "ಇನ್ನೊಂದ್ ಸಲ ಹೀಗಾದ್ರೆ ಖಾಯಂ ಮಾಡೋ ಮಾತೇ ಎತ್ತಬೇಡಮ್ಮ" ಎಂದರು.

ಅವಳು ನನ್ನನ್ನು ಬೈದಿದ್ದರೆ ಒಂದು ಒಳ್ಳೆಯ ದೃಶ್ಯವಾಗುತ್ತಿತ್ತು, ಎದುರುತ್ತರಕ್ಕೆ ನನ್ನ ಬಳಿ ಮಾತುಗಳೂ ಸಿದ್ಧವಿದ್ದವು. ಅವಳು ಚಪ್ಪಲಿ ಬಿಟ್ಟು ಒಳಗೆ ಬಂದು, "ಅವ್ರು ಕಾಯ್ತಾ ಇದ್ರು ಅಪ್ಪಾ" ಎಂದಳು, ಅಷ್ಟೇ. ಜೀವಮಾನವಿಡೀ ಅಬ್ಬರದ ಸಂಭಾಷಣೆ ಕೇಳಿದ ನನ್ನ ಕಿವಿಗೆ ಅಷ್ಟು ಸಣ್ಣ ಮಾತು ಅಷ್ಟು ಜೋರಾಗಿ ಎಂದೂ ಕೇಳಿರಲಿಲ್ಲ.

ಕಾರನ್ನು ಎಳೆದೊಯ್ದ ಗ್ಯಾರೇಜಿನಲ್ಲಿ ಮೆಕ್ಯಾನಿಕ್ಕು ಕ್ಲಚ್ ಪ್ಲೇಟನ್ನು ಹೊರತೆಗೆದು, ಆಚೀಚೆಯ ಶೆಡ್ಡಿನವರನ್ನೆಲ್ಲ ಕೂಗಿ ಕರೆದ. ಅವರು ಸುತ್ತ ನೆರೆದು ಬಗ್ಗಿ ನೋಡಿದರು. ಒಬ್ಬನಂತೂ ಫೋಟೋ ತೆಗೆದುಕೊಂಡ. "ಸಾರ್, ಈ ಗಾಡಿ ಓಡಿದ್ದು ಕಮ್ಮಿ, ನರಳಿದ್ದು ಜಾಸ್ತಿ" ಎಂದು ಮೆಕ್ಯಾನಿಕ್ಕು ಸಂತಾಪ ಸೂಚಿಸಿ, ಬಿಡಿಭಾಗ ಬರುವುದಕ್ಕೆ ತಡವಾಗುತ್ತದೆ ಎಂದ. ನನ್ನ ಬಾಮೈದ ಆ ದಿನದಿಂದ ನಮ್ಮ ಬೀದಿಯನ್ನು ಬಿಟ್ಟು ಸುತ್ತುಹಾದಿಯಲ್ಲಿ ಆಫೀಸಿಗೆ ಹೋಗುತ್ತಿದ್ದಾನೆ.

ಆದ್ದರಿಂದ ಮಾನ್ಯರೇ, ತಮ್ಮಲ್ಲಿ ನನ್ನ ವಿನಮ್ರ ಬೇಡಿಕೆಗಳಿವೆ. ಎಡಪಾದದ ಮಹಾನುಭಾವರು ಆ ಪಾದವನ್ನು ಕೆಲಕಾಲ ನನ್ನ ಅಂಗಡಿಗೆ ಎರವಲು ಕೊಡಬೇಕು, ಗಾಜಿನ ಪೆಟ್ಟಿಗೆಯಲ್ಲಿಟ್ಟು ಜನರಿಗೆ ತೋರಿಸಿ ಜೋಪಾನವಾಗಿ ಮರಳಿಸುತ್ತೇನೆ. ಈ ಕಾರಿನಲ್ಲಿಯೇ ಅಳಿಯನಿಗೋ ಸೋದರಳಿಯನಿಗೋ ಡ್ರೈವಿಂಗ್ ಕಲಿಸಿದವರು, ಆ ಕುಮಾರನಿಗೆ ಕೊನೆಗೂ ಗೇರು ಹಾಕಲು ಬಂತೇ ಎಂಬುದನ್ನಾದರೂ ತಿಳಿಸಬೇಕು, ನಮ್ಮ ತ್ಯಾಗ ವ್ಯರ್ಥವಾಗಲಿಲ್ಲವೆಂಬ ಸಮಾಧಾನವಿರುತ್ತದೆ. ಉಳಿದವರೆಲ್ಲರೂ ಒಂದು ಭಾನುವಾರ ಸಕುಟುಂಬವಾಗಿ ಬಂದು, ತಂತಮ್ಮ ಗೀರುಗಳನ್ನೂ ತಗ್ಗುಗಳನ್ನೂ ಗುರುತಿಸಿ, ವಾಪಸು ತೆಗೆದುಕೊಂಡು ಹೋಗಬೇಕು. ಬಂದವರಿಗೆ ಚಹಾ ಉಂಟು.

ಇಲ್ಲಿಗೆ ಪತ್ರ ಮುಗಿಸಿ ಸಹಿ ಹಾಕಬೇಕೆಂದಿದ್ದೆ. ಅಷ್ಟರಲ್ಲಿ ಮಗಳ ಪರೀಕ್ಷೆಯ ದಿನ ಬಂತು. ಮೇಲ್ವಿಚಾರಕಿ ಖುದ್ದಾಗಿ ಆ ಪೋಸ್ಟ್‌ಮನ್ ಮನೆಗೆ ಬಂದು ಇವಳ ಕೆಲಸ ನೋಡುವುದೆಂದು ನಿಗದಿಯಾಗಿತ್ತು. ನಮ್ಮ ಕಾರಿನ್ನೂ ಗ್ಯಾರೇಜಿನಲ್ಲಿ ಕರುಳು ಹೊರಗಿಟ್ಟು ಮಲಗಿತ್ತು. ಮಗಳು ನನ್ನನ್ನು ಕೇಳಲಿಲ್ಲ, ಮಾವನನ್ನೂ ಕೇಳಲಿಲ್ಲ. ನೇರ ಅದೇ ಕಂಪನಿಗೆ ಹೋಗಿ ಒಂದು ಕೆಂಪು ಕಾರನ್ನು ಆ ದಿನದ ಮಟ್ಟಿಗೆ ಬಾಡಿಗೆಗೆ ತಂದಳು. ನಾನೂ ಬರುತ್ತೇನೆಂದು ಹಟ ಹಿಡಿದೆ. "ಬನ್ನಿ, ಆದ್ರೆ ದಾರೀಲಿ ಡೈಲಾಗ್ ಹೊಡೀಬಾರ್ದು" ಎಂದು ಷರತ್ತು ಹಾಕಿ ಪಕ್ಕದಲ್ಲಿ ಕೂರಿಸಿಕೊಂಡಳು.

ಅರ್ಧ ದಾರಿಯಲ್ಲಿ ಸಿಮೆಂಟಿನ ಲಾರಿಯೊಂದು ರಸ್ತೆಗೆ ಅಡ್ಡ ನಿಂತು ಹೊತ್ತು ನುಂಗಿತು. ಅದು ಕದಲುತ್ತಲೇ ಹೊರಟಳು ನೋಡಿ ನನ್ನ ಮಗಳು! ನಮ್ಮ ಬೂದು ಕಾರಿನಲ್ಲಿ ಉಬ್ಬು ಕಂಡರೆ ಮಗುವನ್ನು ತೊಟ್ಟಿಲಿಗಿಳಿಸುವಂತೆ ಇಳಿಸುವವಳು, ಇಲ್ಲಿ ಉಬ್ಬನ್ನು ಹಾರಿದಳು. ಗುಂಡಿಯಲ್ಲಿಳಿದು ಗುಂಡಿಯಲ್ಲೇ ಎದ್ದಳು. ನನ್ನ ತಲೆ ಚಾವಣಿಗೆ ಬಡಿದು, ಕನ್ನಡಕ ಗಲ್ಲಕ್ಕೆ ಬಂದು, "ಮೆಲ್ಲಗೆ ಮಗಳೇ! ಕಾರು! ಕಾರು!" ಎಂದು ಕಿರುಚಿದೆ. ಅವಳು ರಸ್ತೆಯಿಂದ ಕಣ್ಣು ಕೀಳದೆ, "ನಮ್ದಲ್ಲ ಅಪ್ಪಾ" ಎಂದಳು.

ಮಹನೀಯರೇ, ಆ ಎರಡು ಮಾತಿನಲ್ಲಿ ತಮ್ಮೆಲ್ಲರ ದರ್ಶನ ನನಗಾಯಿತು. ತಮ್ಮನ್ನು ನಾನು ರಾಕ್ಷಸರೆಂದುಕೊಂಡಿದ್ದೆ. ತಾವೆಲ್ಲರೂ ಎಲ್ಲಿಗೋ ತಡವಾಗಿದ್ದ ಬಡಪಾಯಿಗಳು. ನ್ಯಾಯವಾಗಿ ನಾನು ಆಗ ಅವಳಿಗೆ ಬುದ್ಧಿ ಹೇಳಬೇಕಾಗಿತ್ತು. ಮುಂದೆ ಇನ್ನೊಂದು ಲಾರಿ ಕಂಡಿತು, ನನ್ನ ಬಾಯಿಂದ ಹೊರಟದ್ದು ಮಾತ್ರ ಇಷ್ಟು: "ಹಾಗಾದ್ರೆ ಫುಟ್‌ಪಾತ್ ಮೇಲೆ ಹತ್ತಿಸು!" ಹತ್ತಿಸಿದಳು. ಕಾರಿನ ಅಡಿಯಲ್ಲಿ ಏನೋ ಕರಕರ ಎಂದಿತು. ನಾವಿಬ್ಬರೂ ಅದನ್ನು ಕೇಳಿಸಿಕೊಳ್ಳಲಿಲ್ಲ.

ಮೇಲ್ವಿಚಾರಕಿಗಿಂತ ಮೊದಲೇ ಮುಟ್ಟಿದೆವು. ನಾನು ಕಿಟಕಿಯಿಂದಾಚೆ ನಿಂತು ನೋಡಿದೆ. ಮುದುಕರು ನನ್ನ ಮಗಳ ಎರಡೂ ಕೈ ಹಿಡಿದು ಎದ್ದರು, ಅಲುಗಾಡಿದರು, ಆಮೇಲೆ ಒಂದು ಕೈ ಬಿಟ್ಟು ಬಾಗಿಲವರೆಗೂ ನಡೆದು ಬಂದು, ಚಪ್ಪಾಳೆ ತಟ್ಟುತ್ತಿದ್ದ ನನ್ನನ್ನು ನೋಡಿ, "ಯಾರ್ರೀ ಇವ್ರು?" ಎಂದು ಕೇಳಿದರು. ಅವಳ ಕೆಲಸ ಖಾಯಮಾಯಿತು.

ಹೀಗಾಗಿ, ಮಾನ್ಯರೇ, ತಮ್ಮ ಮೇಲಿನ ದೂರನ್ನು ನಾನು ಹಿಂತೆಗೆದುಕೊಳ್ಳುವುದಿಲ್ಲ, ಆದರೆ ಅದರ ಆರೋಪಿಗಳ ಸಾಲಿನಲ್ಲಿ ನಮ್ಮ ಮಗಳನ್ನೂ, ಪ್ರಚೋದನೆ ನೀಡಿದ ತಪ್ಪಿಗಾಗಿ ನನ್ನನ್ನೂ ಸೇರಿಸಿಕೊಳ್ಳಬೇಕೆಂದು ಪ್ರಾರ್ಥಿಸುತ್ತೇನೆ. ಸ್ವಲ್ಪ ಸರಿದು ಜಾಗ ಕೊಡಿ.

ತಮ್ಮೆಲ್ಲರ ವಾರಸುದಾರನೂ, ಈಗ ಸಹೋದ್ಯೋಗಿಯೂ, ಎಂದಿಗೂ ತಮ್ಮ ವಿಶ್ವಾಸಿಯೂ ಆದ,
ನಾಟಕದ ಉಡುಪಿನ ಅಂಗಡಿಯವನು

ಮರೆತ ಮಾತು: ಆ ಕೆಂಪು ಕಾರನ್ನು ಸಂಜೆ ತೊಳೆಸಿ, ಒರೆಸಿ, ನಗುನಗುತ್ತಾ ಹಿಂದಿರುಗಿಸಿದೆವು. ಇನ್ನು ಕೆಲಕಾಲದಲ್ಲಿ ಅದೂ ಮಾರಾಟಕ್ಕೆ ಬರುತ್ತದೆ, ಬೆಲೆಯೂ ಆಕರ್ಷಕವಾಗಿಯೇ ಇರುತ್ತದೆ. ಕೊಳ್ಳುವ ಪುಣ್ಯಾತ್ಮರು ದಯವಿಟ್ಟು ಒಬ್ಬ ಮೆಕ್ಯಾನಿಕ್ಕನನ್ನು ಕರೆದೊಯ್ದು, ಅದರ ಕೆಳಗೆ ಮಲಗಿಸಿ ನೋಡಿಸಿಕೊಳ್ಳಿ. ನೋಡಿಸದೆಯೇ ಕೊಂಡರೆ ಅದೂ ತಮ್ಮಿಷ್ಟ, ಆದರೆ ಆಮೇಲೆ ಪತ್ರಗಿತ್ರ ಬರೆಯಲು ಹೋಗಬೇಡಿ. ಉತ್ತರಿಸಲು ನನ್ನ ಮಗಳಿಗೆ ಈಗ ಪುರಸೊತ್ತಿಲ್ಲ. ಅವಳು ಖಾಯಂ ನೌಕರಳು.