ಮಾಹಿತಿ ವಿಜ್ಞಾನಿಯ ಬೋರ್ಡು

ಹೊಸದಾಗಿ ಪದವಿ ಪಡೆದವರನ್ನು ಆರು ತಿಂಗಳ ಮಟ್ಟಿಗಾದರೂ ಒಂದು ಕೋಣೆಯಲ್ಲಿ ಕೂಡಿಹಾಕಿ, ಹೊತ್ತು ಹೊತ್ತಿಗೆ ರೊಟ್ಟಿ ಕೊಟ್ಟು, ಕಲಿತದ್ದರ ಕಾವು ಇಳಿದ ಮೇಲೆ ಹೊರಗೆ ಬಿಡಬೇಕೆಂಬುದು ನನ್ನ ಗಟ್ಟಿ ಅಭಿಪ್ರಾಯ. ಇದನ್ನು ಬೇರೆಯವರನ್ನು ನೋಡಿ ಹೇಳುತ್ತಿಲ್ಲ. ನನ್ನನ್ನು ಯಾರೂ ಕೂಡಿಹಾಕದೆ ನೇರವಾಗಿ ಅಥಣಿಯ ಬಸ್ಸು ಹತ್ತಿಸಿದ್ದರಿಂದ ಏನಾಯಿತೆಂದು ನೆನೆದರೆ ಇವತ್ತಿಗೂ ಕಿವಿ ಬಿಸಿಯಾಗುತ್ತದೆ. ಹೆಂಡತಿಗೂ ಈ ಸಂಗತಿಯನ್ನು ಪೂರ್ತಿ ಹೇಳಿಲ್ಲ. ನಿಮಗೆ ಹೇಳುತ್ತೇನೆ, ಯಾಕೆಂದರೆ ನೀವು ನಮ್ಮ ಓಣಿಯವರಲ್ಲ.

ಎಂಬತ್ತರ ದಶಕದ ಕೊನೆಯ ಮಾತು. ಅಥಣಿಯಲ್ಲಿ ನಾಲ್ಕಾರು ವ್ಯಾಪಾರಸ್ಥರು ಸೇರಿ ನಡೆಸುತ್ತಿದ್ದ ಸಣ್ಣ ವಾಚನಾಲಯದಲ್ಲಿ ನಾನು ಗ್ರಂಥಪಾಲ. ರಜೆ ಹಾಕಿ ಹೆಚ್ಚಿನ ಓದಿಗೆ ಹೋದೆ. ಸೇರುವಾಗ ಅದು ಬರೀ ಗ್ರಂಥಾಲಯ ವಿಜ್ಞಾನ. ಮುಗಿಸುವಷ್ಟರಲ್ಲಿ ವಿಭಾಗದ ಹೆಸರಿಗೆ ‘ಮಾಹಿತಿ ವಿಜ್ಞಾನ’ವೂ ಅಂಟಿಕೊಂಡಿತ್ತು. ಜಗತ್ತಿನಲ್ಲಿ ಸಂಶೋಧನೆ ಹೆಚ್ಚಿ ವರದಿಗಳು, ಲೇಖನಗಳು ಹೊಳೆಯಂತೆ ಹರಿದು ಬರತೊಡಗಿದಾಗ, ಪುಸ್ತಕ ಕಾಯುವವರಿಂದ ಕೆಲಸ ಸಾಗದೆ ಈ ಹೊಸ ಶಾಸ್ತ್ರ ಹುಟ್ಟಿತೆಂದು ನಮ್ಮ ಪ್ರಾಧ್ಯಾಪಕರು ಹೇಳುತ್ತಿದ್ದರು. ಗ್ರಂಥಪಾಲ ಪುಸ್ತಕ ಕೊಡುತ್ತಾನೆ, ಮಾಹಿತಿ ವಿಜ್ಞಾನಿ ಉತ್ತರ ಕೊಡುತ್ತಾನೆ. ಯಾರಿಗೆ ಯಾವ ವಿಷಯ ಬೇಕೆಂಬುದನ್ನು ಮೊದಲೇ ಅರಿತು, ಅದು ಬಂದ ಕೂಡಲೇ ಅವರಿಗೆ ಮುಟ್ಟಿಸುವುದು ಈ ಶಾಸ್ತ್ರದ ಹೊಚ್ಚಹೊಸ ಸೇವೆ. ಇದರ ಮೇಲೆ ಪರೀಕ್ಷೆಯಲ್ಲಿ ನಾನು ಎಂಟು ಪುಟ ಬರೆದು, ಮತ್ತೆ ಹಾಳೆ ಕೇಳಿ ಇಸಿದುಕೊಂಡಿದ್ದೆ. ಕಂಪ್ಯೂಟರನ್ನು ಎರಡು ಸಲ ನೋಡಿದ್ದೆ. ಒಂದು ಸಲ ಗಾಜಿನ ಬಾಗಿಲ ಹೊರಗಿನಿಂದ, ಇನ್ನೊಂದು ಸಲ ಚಪ್ಪಲಿ ಬಿಟ್ಟು ಒಳಗೆ ಹೋಗಿ.

ಊರಿಗೆ ಬಂದ ಮೊದಲ ವಾರವೇ ಬಾಗಿಲ ಮೇಲೆ ಬೋರ್ಡು ಹಾಕಿಸಿದೆ: ‘ಗ್ರಂಥಪಾಲ ಹಾಗೂ ಮಾಹಿತಿ ವಿಜ್ಞಾನಿ’. ಗ್ರಂಥಪಾಲ ಸಣ್ಣಕ್ಷರ, ಉಳಿದದ್ದು ದೊಡ್ಡಕ್ಷರ. ಮೂರನೆಯ ದಿನಕ್ಕೆ ಒಬ್ಬ ಮುದುಕ ದ್ರಾಕ್ಷಿ ಎಲೆ ಹಿಡಿದು ಬಂದ. “ವಿಜ್ಞಾನಿ ಸಾಹೇಬ್ರು ಅದಾರೇನ್ರಿ? ಈ ಎಲಿ ಹಿಂಗ್ಯಾಕ ಮುದುಡ್ಯಾವ ಒಂದೀಟು ನೋಡ್ರಿ” ಎಂದ. ನಾನು ಎಲೆಯನ್ನು ಬೆಳಕಿಗೆ ಹಿಡಿದು, ಹಿಂದೆ ಮುಂದೆ ತಿರುಗಿಸಿ, ಗಂಭೀರವಾಗಿ “ಹೂಂ” ಎಂದೆ. ನಾನು ಅಂಥ ವಿಜ್ಞಾನಿಯಲ್ಲ ಎಂದು ಹೇಳಲು ಬಾಯಿ ಬರಲಿಲ್ಲ. ನಿಜ ಹೇಳಬೇಕೆಂದರೆ ಒಳಗೊಳಗೇ ಖುಷಿಯಾಗಿತ್ತು.

ವಾಚನಾಲಯದಲ್ಲಿ ಇನ್ನೊಬ್ಬರಿದ್ದರು, ಜವಾನ ಭೀಮಪ್ಪನವರು. ಆಗ ನಾನು ಬರೀ ‘ಭೀಮಪ್ಪಾ’ ಎನ್ನುತ್ತಿದ್ದೆ. ‘ನವರು’ ಸೇರಿದ್ದು ಆಮೇಲೆ. ಅವರು ಕಲಿತದ್ದು ನಾಲ್ಕನೆಯ ಇಯತ್ತೆಯವರೆಗೆ. ಬೆಳಿಗ್ಗೆ ಕಸ ಹೊಡೆದು, ಹಿಂದಿನ ವಾರದ ಪೇಪರುಗಳನ್ನು, ಕನ್ನಡದವೂ ಮರಾಠಿಯವೂ, ಮುಂದೆ ಹರವಿಕೊಂಡು ಕತ್ತರಿಯಿಂದ ಏನೇನೋ ಕತ್ತರಿಸಿ ರಟ್ಟಿನ ಪೆಟ್ಟಿಗೆಗಳಿಗೆ ಹಾಕುತ್ತಿದ್ದರು. ಮೆಟ್ಟಿಲ ಕೆಳಗೆ ಅಂಥ ನಾಲ್ಕು ಪೆಟ್ಟಿಗೆ. ವಿಷಯವಾರು ವಿಂಗಡಣೆ ಇಲ್ಲ, ಸಂಖ್ಯೆ ಇಲ್ಲ, ಸೂಚಿ ಇಲ್ಲ. ಶಾಸ್ತ್ರ ಓದಿ ಬಂದ ನನ್ನ ಕಣ್ಣಿಗೆ ಅದು ಕಸವಾಗಿ ಕಂಡಿತು. ತೆಗೆದುಹಾಕಲು ಹೋದಾಗ ಅವರು “ಇರ್ಲಿ ಬಿಡ್ರಿ ಸಾಹೇಬ್ರ, ಯಾರಿಗರ ಬೇಕಾಗ್ತಾವು” ಎಂದರು. ನಾನು ಕೇಳದೆ ನಾಲ್ಕನ್ನೂ ಎದುರಿನ ಪಾಂಡುರಂಗನ ಭಜಿ ಗಾಡಿಗೆ ಸಾಗಿಸಿದೆ. ಅಷ್ಟಕ್ಕೇ ಬಿಡಲಿಲ್ಲ. “ಭೀಮಪ್ಪಾ, ಇನ್ನ ಮ್ಯಾಲ ಈ ವಾಚನಾಲಯದೊಳಗ ಯಾರರ ಏನರ ಕೇಳಿದ್ರ ನೀ ಉತ್ತರಾ ಕೊಡಬ್ಯಾಡ, ನನ್ನ ಕಡೆ ಕಳಸು. ಇದು ಈಗ ಶಾಸ್ತ್ರ ಆಗೇತಿ” ಎಂದೆ. ಅವರು ಕತ್ತರಿಯನ್ನು ಒರೆಸಿ ಡ್ರಾದಲ್ಲಿಟ್ಟು, “ಆತು ಬಿಡ್ರಿ” ಎಂದರು.

ಒಂದು ವಾರ ಕಳೆದಿರಬೇಕು. ಒಂದು ಬುಧವಾರ ಮಧ್ಯಾಹ್ನ ಅಲಖನೂರಿನಿಂದ ಒಬ್ಬ ಹೆಣ್ಣುಮಗಳು ಬಂದಳು. ಹೆಸರು ಕಮಲವ್ವ, ಕಬ್ಬಿನ ಹೊಲದಲ್ಲಿ ಕೂಲಿ. ಭೀಮಪ್ಪನವರನ್ನು ಮಾತಾಡಿಸಿದಳು, ಅವರು ಬಾಯಿ ಬಿಡದೆ ನನ್ನತ್ತ ಕೈ ತೋರಿಸಿದರು. “ಭೀಮಣ್ಣಾರು ಹೇಳಿ ಕಳಿಸಿದ್ರಿ. ನರ್ಸ್ ತರಬೇತಿದು ಪೇಪರಿನ್ಯಾಗ ಬಂದೈತಿ, ಕತ್ತರಿಸಿ ಇಟ್ಟೀನಿ, ಬಂದು ಒಯ್ಯಿ ಅಂತ. ಮಗಳು ಹತ್ತನೆತ್ತೆ ಪಾಸಾಗ್ಯಾಳ್ರಿ. ಈ ವಾರದಾಗ ಅರ್ಜಿ ಮುಟ್ಟಲಿಲ್ಲಂದ್ರ ಬ್ಯಾಸಗಿಗೆ ಲಗ್ನ ಮಾಡೂದ ಅಂತ ಅವರಪ್ಪ ಹಟಾ ಹಿಡದಾನ. ಇವತ್ತಿನ ಕೆಲಸಾ ಬಿಟ್ಟು ಬಂದೀನ್ರಿ” ಎಂದಳು.

ಕತ್ತರಿಸಿ ಇಟ್ಟದ್ದು ಎಲ್ಲಿದೆಯೆಂದು ನನಗೆ ಚೆನ್ನಾಗಿ ಗೊತ್ತಿತ್ತು. ಸೂಚಿ ಇಲ್ಲದೆಯೂ ಗೊತ್ತಿತ್ತು. ಆದರೆ ಅದನ್ನು ಆಕೆಗೆ ಹೇಳುವುದು ಹೇಗೆ? “ಕುಂಡ್ರವಾ, ಈಗ ಬಂದೆ” ಎಂದವನೇ ರಸ್ತೆ ದಾಟಿದೆ. “ಕಾಯ್ ಪಾಯಿಜೆ, ಸಾಹೇಬ?” ಎಂದು ಪಾಂಡುರಂಗ ಮರಾಠಿಯಲ್ಲಿ ಏನು ಬೇಕೆಂದು ಕೇಳಿದ. ಕಾಗದ ಬೇಕೆಂದರೆ ನಕ್ಕುಬಿಟ್ಟಾನು ಎಂದು ಭಜಿ ಬೇಕೆಂದೆ. ಒಂದು ಪೊಟ್ಟಣ ಕೊಟ್ಟ. ಬಿಚ್ಚಿ ನೋಡಿದರೆ ಕುಸ್ತಿಯ ಸುದ್ದಿ. ಇನ್ನೊಂದು ಕೇಳಿದೆ, ಹಸುವಿನ ಕಾಲುಬೇನೆ. ಬಿಚ್ಚಿದ ಭಜಿ ಎಲ್ಲಿಡುವುದು? ಬಾಯಲ್ಲಿಟ್ಟೆ. ಮೂರನೆಯದಕ್ಕೆ ಅವನಿಗೇ ಅನುಮಾನ ಬಂದು, “ಹಸದೀರೇನ್ರಿ?” ಎಂದ. ಕೊನೆಗೆ ನಾಚಿಕೆ ಬಿಟ್ಟು, ಉಳಿದ ಕಾಗದಗಳನ್ನು ಕೇಳಿ ಗಾಡಿಯ ಪಕ್ಕದಲ್ಲೇ ಕುಕ್ಕರುಗಾಲಲ್ಲಿ ಕೂತು ಹುಡುಕಿದೆ.

ಆಗ ಮೊದಲ ಸಲ ಅವುಗಳನ್ನು ಸರಿಯಾಗಿ ನೋಡಿದೆ. ಒಂದೊಂದು ತುಣುಕಿನ ಅಂಚಿನಲ್ಲೂ ಪೆನ್ಸಿಲಿನಲ್ಲಿ ಒಂದೊಂದು ಹೆಸರಿತ್ತು. ‘ಕಬ್ಬೂರ ಬಾಳಪ್ಪನ ಮೊಮ್ಮಗಗ’ ಎಂದು ಬರೆದದ್ದರಲ್ಲಿ ಕುರುಡು ಮಕ್ಕಳ ಶಾಲೆಯ ಪ್ರವೇಶದ ಪ್ರಕಟಣೆ. ‘ಟೇಲರ್ ಹುಸೇನನ ಹೆಂಡತಿಗೆ’, ‘ಕಾಗವಾಡ ಮಾಸ್ತರಗ’. ಯಾರಿಗೆ ಏನು ಬೇಕೆಂಬುದನ್ನು ಮೊದಲೇ ಅರಿತು, ಬಂದ ಕೂಡಲೇ ಮುಟ್ಟಿಸುವ ಹೊಚ್ಚಹೊಸ ಸೇವೆ ಅದು. ನಾನು ಅದರ ಮೇಲೆ ಎಂಟು ಪುಟ ಬರೆದಿದ್ದೆ, ಭೀಮಪ್ಪನವರು ನಾಲ್ಕು ಪೆಟ್ಟಿಗೆ ತುಂಬಿದ್ದರು. ಅದರಲ್ಲಿ ಮೂರು ಪೆಟ್ಟಿಗೆಯಷ್ಟು ಜನರನ್ನು ಊರು ಈಗಾಗಲೇ ಬೆರಳು ಒರೆಸಿಕೊಂಡು ಗಟಾರಕ್ಕೆ ಎಸೆದಿತ್ತು. ನನಗೆ ಅಳು ಬಂತು. ಕಮಲವ್ವನ ಹೆಸರಿನದು ಸಿಗಲೇ ಇಲ್ಲ.

ಬಾಳಪ್ಪನದು ಸೇರಿ ಏಳೆಂಟು ತುಣುಕುಗಳನ್ನು ಎತ್ತಿಕೊಂಡು ಹಿಂದಿರುಗಿದರೆ ಕುರ್ಚಿ ಖಾಲಿ. “ಆಕಿ ಎಲ್ಲಿ?” ಎಂದು ಭೀಮಪ್ಪನವರನ್ನು ಕೇಳಿದೆ. “ಹೋದ್ಳರಿ. ಬಸ್ಸಿನ ಹೊತ್ತಾಗಿತ್ತು.” “ಮತ್ತ ಅರ್ಜಿ?” “ಎಲ್ಲಿಗೆ ಕೊಡಬೇಕು, ಏನೇನ್ ಹಚ್ಚಬೇಕು, ಎಲ್ಲಾ ಹೇಳೀನ್ರಿ. ಒಂದು ಕಾರ್ಡಿನ ಮ್ಯಾಲ ಬರದೂ ಕೊಟ್ಟೀನಿ. ಶುಕ್ರವಾರ ಕಡೀ ದಿನ, ಟಪಾಲಿಗೆ ಹಾಕಬ್ಯಾಡ, ಕೈಲೆ ಒಯ್ದು ಕೊಡು ಅಂದೀನಿ.” ಅವರಿಗೆ ಎಲ್ಲವೂ ಬಾಯಿಪಾಠವಾಗಿತ್ತು. “ನನಗ್ಯಾಕ ಮೊದ್ಲ ಹೇಳಲಿಲ್ಲ?” ಎಂದೆ. “ನೀವು ಕೇಳಿಲ್ಲರಿ” ಎಂದರು. ತಪ್ಪು ಮಾಡಿದವರಂತೆ ಸೇರಿಸಿದರು: “ವಾಚನಾಲಯದೊಳಗ ಹೇಳಿಲ್ಲರಿ ಮತ್ತ. ಹೊರಗ ಕಟ್ಟಿ ಮ್ಯಾಲ ಕುಂಡ್ರಿಸಿ ಹೇಳೀನಿ.” ಬೈದಿದ್ದರೆ ಎಷ್ಟೋ ಬೇಸಿತ್ತು.

ಮರುದಿನ ಬೋರ್ಡು ಇಳಿಸಿದೆ. ಭೀಮಪ್ಪನವರು ಅದನ್ನು ಹಾಳು ಮಾಡಲಿಲ್ಲ. ಮೆಟ್ಟಿಲ ಕೆಳಗೆ ಹಾಸಿ, ಗೆದ್ದಲು ಹತ್ತದಿರಲೆಂದು ಅದರ ಮೇಲೆ ಹೊಸ ಪೆಟ್ಟಿಗೆಗಳನ್ನಿಟ್ಟರು. ನಿವೃತ್ತರಾಗುವವರೆಗೂ ಅವರು ಕತ್ತರಿಸುತ್ತಿದ್ದರು, ನಾನು ಅಂಟಿಸುತ್ತಿದ್ದೆ.

ಆರೇಳು ವರ್ಷದ ಮೇಲೆ ನೆಂಟರ ಮನೆಗೆಂದು ರಾಯಬಾಗಕ್ಕೆ ಹೋದಾಗ ಜ್ವರ ಬಂತು. ದವಾಖಾನೆಯಲ್ಲಿ ನರ್ಸು ಇಂಜೆಕ್ಷನ್ ತುಂಬುತ್ತ ಊರು ಕೇಳಿದಳು. ಅಥಣಿ ಎಂದೆ. ಮುಖ ಅರಳಿತು. “ಅಲ್ಲೆ ವಾಚನಾಲಯದಾಗ ಭೀಮಪ್ಪ ಕಾಕಾ ಇದ್ರಲ್ಲರಿ, ಅವರಿಂದನ ನಾ ಈ ನೌಕರಿಗೆ ಬಂದದ್ದು. ಅವರು ಬರದ ಕಾರ್ಡು ಇನ್ನೂ ನಮ್ಮವ್ವನ ಟ್ರಂಕಿನ್ಯಾಗ ಐತಿ. ಅಲ್ಲೆ ಒಬ್ಬ ವಿಜ್ಞಾನಿನೂ ಇದ್ನಂತ್ರಿ. ನಮ್ಮವ್ವ ಬಾಯಿ ಒಣಗಿಸ್ಕೊಂಡು ಕುಂತ್ರ, ಆತ ಎದ್ದು ಹೋಗಿ ಗಾಡಿ ಮುಂದ ನಿಂತು ಭಜಿ ತಿಂದ್ನಂತ! ಯಾರ್ರಿ ಅಂವಾ, ನಿಮಗ ಗೊತ್ತೇನ?”

ನಾನು ಗೋಡೆಯ ಕಡೆ ಹೊರಳಿ ಮಲಗಿ, “ಗೊತ್ತಿಲ್ಲವಾ” ಎಂದೆ. ಇಷ್ಟು ವರ್ಷದ ನೌಕರಿಯಲ್ಲಿ, ಕೇಳಿದವರಿಗೆ ತಿಳಿದೂ ತಿಳಿದೂ ತಪ್ಪು ಮಾಹಿತಿ ಕೊಟ್ಟದ್ದು ಅದೊಂದೇ ಸಲ.