ಕಾಲುಮಣೆ ಹಿಡಿದು ರೈಲು ಹತ್ತಿದ್ದು

ನಮ್ಮ ಶಿರಸಿಗೆ ರೈಲು ಬಂದಿಲ್ಲ, ಆದರೆ ರೈಲಿನ ತಾಪತ್ರಯ ತಪ್ಪಿದ್ದಿಲ್ಲ. ನಾನು ಮೋಟರ್ ಸರ್ವಿಸಿನ ಏಜಂಟ. ಜನರನ್ನು ಹುಬ್ಬಳ್ಳಿಗೆ ಮುಟ್ಟಿಸುವುದಷ್ಟೇ ನನ್ನ ಕೆಲಸ. ಮುಂದೆ ರೈಲಿನಲ್ಲಿ ಏನೇ ಆದರೂ ತಿರುಗಿ ಬಂದು ಬೈಯುವುದು ಮಾತ್ರ ನನ್ನನ್ನೇ. ಒಮ್ಮೆ ನಾನೇ ಜೊತೆಗೆ ಹೋಗಬೇಕಾಯಿತು.

ಮೊಣಕಾಲು

ನಮ್ಮ ಆಫೀಸಿನ ಪಕ್ಕದ ಕಿರಾಣಿ ಅಂಗಡಿಯ ಅಮ್ಮ ಬನವಾಸಿ ಕಡೆಯವರು. ಗಂಡ ತೀರಿಕೊಂಡ ಮೇಲೆ ಅಂಗಡಿ ನಡೆಸುತ್ತಿದ್ದವರು ಅವರೇ. ಮುಂಬಯಿಯಲ್ಲಿದ್ದ ಒಬ್ಬಳೇ ಮಗಳಿಗೆ ಚೊಚ್ಚಲ ಬಸುರು. ಘಟ್ಟದ ರಸ್ತೆಯಲ್ಲಿ ಕುಲುಕಾಡಿಸಬೇಡಿ ಎಂದು ಡಾಕ್ಟರು ಹೇಳಿದ್ದರಿಂದ ಅವಳು ತವರಿಗೆ ಬರುವಂತಿರಲಿಲ್ಲ. ಬೀಗರು ಬೇರೆ, "ನಿಮಗೆ ಮೊಣಕಾಲು ಸರಿಯಿಲ್ಲ, ಬರುವ ಸಾಹಸ ಬೇಡ" ಎಂದು ಹೇಳಿಕಳಿಸಿದ್ದರು.

ಅಮ್ಮ ಕೆಂಡವಾಗಿ ನನ್ನ ಕಡೆ ತಿರುಗಿದರು. "ಬಾಣಂತನ ಮಾಡೂದು ಕೈಯ್ಯೋ, ಮೊಣಕಾಲೋ? ನಡೀರಿ ಸಾಹೇಬ್ರ!"

ಹೆಂಗಸರು ಹತ್ತಿಳಿಯಲೆಂದು ನಾವು ಮೋಟರಿನಲ್ಲೇ ಎತ್ತರದ ಕಾಲುಮಣೆಯೊಂದನ್ನು ಇಟ್ಟಿದ್ದೆವು. ಹುಬ್ಬಳ್ಳಿಯಲ್ಲಿ ಇಳಿದವರೇ ಅಮ್ಮ ಅದನ್ನು ಕಂಕುಳಲ್ಲಿ ಇರುಕಿಕೊಂಡರು. ಅದು ಮೋಟರಿನದು ಎಂದೆ.

"ಮೋಟರು ಇಲ್ಲೇ ನಿಲ್ಲತದ. ಮುಂದ ಹತ್ತಾಕಿ ನಾನು."

ಸಾಮಾನು

ಗಾಡಿ ಬದಲಿಸಬೇಕಾದ ಆ ದೊಡ್ಡ ಊರಿನ ಹೆಸರು ಹೇಳುವುದಿಲ್ಲ, ಅದರ ಮಾನ ಹೋದೀತು. ಸ್ಟೇಷನ್ನಿಗೆ ಅರಮನೆಯಂಥ ಗೋಪುರವಿತ್ತು. ಆದರೆ ಆಚೆ ಪ್ಲಾಟ್‌ಫಾರಂಗೆ ಹೋಗಲು ಮನುಷ್ಯರಿಗೆ ಕಡಿದಾದ ಮೆಟ್ಟಿಲಿನ ಸೇತುವೆಯೊಂದೇ ದಾರಿ. ಟ್ರಂಕು ಹಾಸಿಗೆಗಳೆಲ್ಲ ಕೈಗಾಡಿಯ ಮೇಲೆ ಕೂತು ಹಳಿ ದಾಟಿ ಸುಖವಾಗಿ ಸಾಗುತ್ತಿದ್ದವು.

ಹಮಾಲ ನಮ್ಮ ಹುಬ್ಬಳ್ಳಿ ಕಡೆಯವನೇ. "ಸಾಮಾನಿಗಷ್ಟೇ ಯಾಕೋ ಈ ಉಪಚಾರ?" ಎಂದು ಅಮ್ಮ ಕೇಳಿದರು.

"ಸಾಮಾನಿಗೆ ಕಾಲಿಲ್ಲಲ್ರೀ, ಅವ್ವಾರ."

"ನನಗೂ ಇಲ್ಲ, ದೂಡು" ಎಂದು ಅಮ್ಮ ಟ್ರಂಕಿನ ಮೇಲೆ ಕೂತೇಬಿಟ್ಟರು.

ಬಾಗಿಲು

ಆಚೆ ಹೋದರೆ ಹೆಂಗಸರ ಪಾಯಿಖಾನೆಗೆ ಬಾಗಿಲೇ ಇಲ್ಲ. ಚೌಕಟ್ಟು ಮಾತ್ರ ಗಟ್ಟಿಮುಟ್ಟಾಗಿತ್ತು. ನಮ್ಮ ದೇಶದ ಹೆಂಗಸರು ಇಷ್ಟೂ ದೂರ ಹೊಟ್ಟೆ ಬಿಗಿಹಿಡಿದೇ ಪ್ರಯಾಣ ಮಾಡಬೇಕೇನು ಎಂದು ನನಗೆ ನಿಜಕ್ಕೂ ಸಿಟ್ಟು ಬಂತು.

ಅಮ್ಮ ಸಿಟ್ಟಿನಲ್ಲಿ ಹೊತ್ತು ಕಳೆಯಲಿಲ್ಲ. ನನ್ನ ಕಂಬಳಿ ಬಿಚ್ಚಿಸಿ, ಚೌಕಟ್ಟಿಗೆ ಬೆನ್ನು ಮಾಡಿ ನಿಲ್ಲಿಸಿ, ಎರಡೂ ತುದಿ ಹಿಡಿಸಿ ಒಳಗೆ ಹೋದರು. ಅವರು ಬಂದ ಮೇಲಾದರೂ ನನಗೆ ಬಿಡುಗಡೆಯಾಯಿತೇ? ಅಷ್ಟರಲ್ಲಿ ಹೆಂಗಸರ ಸಾಲೇ ಹತ್ತಿತ್ತು. ಕೈ ಸೋತರೂ ನಿಂತೆ.

ಟೋಪಿ ಹಾಕಿದ ಸ್ಟೇಷನ್ ಮಾಸ್ತರರು ಬಂದು, "ಹೆಂಗಸರ ಕಡೆ ನಿನಗೇನು ಕೆಲಸ? ಯಾರು ನೀನು?" ಎಂದು ಗದರಿದರು.

ನಾನು ಬಾಯಿ ತೆರೆಯುವ ಮುಂಚೆ ಅಮ್ಮನೇ ಉತ್ತರ ಕೊಟ್ಟರು: "ಅವರು ಬಾಗಲಾ ಅದಾರ್ರಿ!"

ಕಾಲುಮಣೆ

ಮುಂಬಯಿ ಗಾಡಿ ಬಂತು. ಪ್ಲಾಟ್‌ಫಾರಂ ತಗ್ಗು, ಗಾಡಿಯ ಮೆಟ್ಟಿಲು ಸೊಂಟದೆತ್ತರ. ಅಮ್ಮ ಠೀವಿಯಿಂದ ಕಾಲುಮಣೆ ಇಟ್ಟರು. ಹಿಂದೆಯೇ ತುಂಬು ಬಸುರಿಯೊಬ್ಬಳು ನಿಂತಿದ್ದಳು, ಅವಳ ಹಿಂದೆ ಕೋಲೂರುವ ಮುದುಕರು.

"ಹೊಟ್ಟ್ಯಾಗ ಕೂಸಿದ್ದಾಕಿ ಮೊದಲ ಹತ್ತಲಿ" ಎಂದು ಅಮ್ಮ ಪಕ್ಕಕ್ಕೆ ಸರಿದರು. ಒಬ್ಬೊಬ್ಬರನ್ನೇ ಹತ್ತಿಸುವಷ್ಟರಲ್ಲಿ ಸೀಟಿ ಕೂಗಿತು. ಅಮ್ಮನನ್ನು ಒಳಗೆ ದೂಡಿ ನಾನು ಜಿಗಿದೆ. ಕಾಲುಮಣೆ ಅಲ್ಲೇ ಉಳಿಯಿತು.

ಮುಂಬಯಿ ಮುಟ್ಟಿದ ಮರುದಿನವೇ ಹೆರಿಗೆ. ಹೆಣ್ಣು ಕೂಸು. ಅಮ್ಮನ ಕೈಯಲ್ಲಿ ಅದು ಮೊದಲ ನೀರು ಮಿಂದದ್ದನ್ನು ಕಂಡು ಬೀಗರು ಮೊಣಕಾಲಿನ ಮಾತೇ ಎತ್ತಲಿಲ್ಲ.

ಬಾಣಂತಿ, ಕೂಸು, ಅಮ್ಮ ಮೂವರನ್ನೂ ಕರೆತರಲು ಮತ್ತೆ ನಾನೇ ಹೋದೆ. ಬರುವಾಗ ಅದೇ ಸ್ಟೇಷನ್ನು. ನೋಡಿದರೆ ನಮ್ಮ ಕಾಲುಮಣೆ! ಬಿಳಿ ಬಣ್ಣದಲ್ಲಿ ರೈಲ್ವೆಯ ಗುರುತು ಬರೆದು, ಸರಪಳಿ ಹಾಕಿ ಕಂಬಕ್ಕೆ ಬಿಗಿದಿದ್ದರು. ಮುದುಕಿಯೊಬ್ಬಳು ಅದರ ಮೇಲೆ ಕಾಲಿಟ್ಟು ಗಾಡಿ ಹತ್ತುತ್ತಿದ್ದಳು.

"ಅದು ನಮ್ಮದು" ಎಂದು ನಾನು ಹಾರಾಡಿದೆ.

"ರೈಲ್ವೆ ಸೊತ್ತು, ಮುಟ್ಟಬೇಡ" ಎಂದರು ಅದೇ ಮಾಸ್ತರರು.

ಅಮ್ಮ ನನ್ನನ್ನು ತಡೆದರು. ಅವರ ಮುಖ ಅರಳಿತ್ತು. "ಇರಲಿ ಬಿಡ್ರಿ ಸಾಹೇಬ್ರ. ನಾವು ತಂದು ಇಟ್ಟರ ಇಲ್ಲಿ ಉಳೀತದ ಅಂತಾತು." ಆಮೇಲೆ ಮಾಸ್ತರರತ್ತ ತಿರುಗಿ, ನನ್ನ ಕಡೆ ಬೆರಳು ತೋರಿಸಿದರು. "ಹೆಂಗಸರ ಪಾಯಿಖಾನಿಗೆ ಬಾಗಲಾ ಇನ್ನೂ ಇಲ್ಲೇನ್ರಿ? ಇಲ್ಲೇ ನಿಂತದ ನೋಡ್ರಿ, ಇದನ್ನೂ ಇಟಗೋರಿ."

ನಾನು ಸರಪಳಿ ನೋಡಿದೆ, ಕಂಬ ನೋಡಿದೆ. ಕೂಸನ್ನೆತ್ತಿಕೊಂಡು ನಮ್ಮ ಗಾಡಿಯತ್ತ ಓಟ ಕಿತ್ತೆ.